ಗದಗಿನಲ್ಲಿ ಒಂದು ಹಗಲು

ಪುಣೆಯಲ್ಲಿ ನೆಲೆಸಿದ ನಮ್ಮಂಥವರಿಗೆ ಗದಗ ಎಂದರೆ ಒಂದು ರೈಲ್ವೆ ಜಂಕ್ಷನ್ನು. ಸೊಲ್ಲಾಪುರದ ಮೇಲಿಂದ ಹುಬ್ಬಳ್ಳಿಗೆ ಹೋಗುವಾಗ ಚಹದವನ ಕೂಗಿಗೆ ಎಚ್ಚರವಾಗಿ, "ಗದಗ ಬಂತು" ಎಂದು ಹೇಳಿ ಮಗ್ಗುಲು ಬದಲಿಸುವುದಷ್ಟೇ ಆ ಊರಿನೊಡನೆ ನಮ್ಮ ಬಳಕೆ. ನಮ್ಮ ತಾಯಿಯವರ ತವರು ಅಲ್ಲಿಯ ಬೆಟಗೇರಿಯೇ ಆಗಿದ್ದರೂ, ಅಜ್ಜ ತೀರಿಕೊಂಡ ಮೇಲೆ ಇಳಿಯಲು ಕಾರಣವೇ ಉಳಿದಿರಲಿಲ್ಲ.

ಈ ಸಲದ ಚಳಿಗಾಲದ ರಜೆಯಲ್ಲಿ ಭಾವಮೈದುನನ ಒತ್ತಾಯದಿಂದ ಒಂದು ಮನೆಗಾಡಿಯನ್ನು ಬಾಡಿಗೆಗೆ ಹಿಡಿದೆವು. ಮಲಗಲು ನಾಲ್ಕು ಹಾಸಿಗೆ, ಮೂಲೆಯಲ್ಲೊಂದು ಗ್ಯಾಸಿನ ಒಲೆ, ನೀರಿನ ತೊಟ್ಟಿ. ಕ್ಯಾರವಾನ್ ಎಂದು ಅದರ ಹೆಸರು. ಕಚೇರಿಯ ಪ್ರಯಾಣಭತ್ಯೆಯ ನಿಯಮಗಳಲ್ಲಿ ಇಂಥ ಗಾಡಿಗೆ ಸ್ಥಾನವಿಲ್ಲವಾದ್ದರಿಂದ ಬಾಡಿಗೆಯನ್ನು ನಾವೂ ಅವನೂ ಹಂಚಿಕೊಂಡೆವು. ಅವನೇ ಸಾರಥಿ. ತಾಯಿಯವರು, ನಾವು ದಂಪತಿಗಳು, ಎಂಟು ವರ್ಷದ ಮಗಳು, ಹೀಗೆ ಐದು ಜನ ಬೆಳಗಾವಿ, ಹುಬ್ಬಳ್ಳಿಗಳನ್ನು ದಾಟಿ ರಾತ್ರಿ ಗದಗ ಸೇರಿ, ಒಂದು ವಸತಿಗೃಹದ ಅಂಗಳದಲ್ಲಿ ಅಪ್ಪಣೆ ಪಡೆದು ಗಾಡಿ ನಿಲ್ಲಿಸಿ ಮಲಗಿದೆವು.

ಬೆಳಗಿನ ಜಾವ ತಾಯಿಯವರು ಮೊಮ್ಮಗಳನ್ನು ಎಬ್ಬಿಸಿಕೊಂಡು ಹೊರಟರು. ಎಲ್ಲಿಗೆಂದರೆ ಸ್ಟೇಷನ್ನಿಗೆ! "ಮದಿವ್ಯಾಗಿ ಹೋಗೂವಾಗ ಇಲ್ಲಿಂದನ ಹೋದಾಕಿ, ಒಮ್ಮೆ ಕಣ್ಣು ತುಂಬ ನೋಡತೇನಿ" ಎಂದರು. ನಾವೂ ಚಹ ಕುಡಿಯುವ ನೆಪದಿಂದ ಹಿಂಬಾಲಿಸಿದೆವು.

ಇಲ್ಲಿ ನಮ್ಮ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಮಗಳು ಕಲಿಯುವುದು ಮರಾಠಿ ಶಾಲೆಯಲ್ಲಿ. ಮನೆಯಲ್ಲಿ ಕನ್ನಡ ಆಡುತ್ತಾಳೆ, ಅಷ್ಟು ಸಾಕು ಎಂದು ನಾವು ಸಮಾಧಾನ ಮಾಡಿಕೊಂಡಿದ್ದೆವು. ಅಕ್ಷರ ಕಲಿಸಲು ತಾಯಿಯವರು ಎಷ್ಟೋ ಸಲ ಕೂತರು. ಶಾಲೆಯ ಮನೆಗೆಲಸದ ನಡುವೆ ನಾವೇ ಅದನ್ನು ಮುಂದೂಡಿದೆವು.

ಸ್ಟೇಷನ್ನಿನ ಹಲಗೆಯ ಮೇಲೆ ಊರಿನ ಹೆಸರು ಮೂರು ಲಿಪಿಗಳಲ್ಲಿತ್ತು. ಮಗಳು ತನಗೆ ಬರುವ ನಾಗರಿ ಅಕ್ಷರಗಳನ್ನು ಕನ್ನಡದವುಗಳೊಡನೆ ಒಂದೊಂದಾಗಿ ಜೋಡಿಸಿ ನೋಡಿದಳು. ಕೊಂಬು, ದೀರ್ಘ, ಒತ್ತು ಯಾವುದೂ ಇಲ್ಲದ ಮೂರೇ ಅಕ್ಷರ. "ಅಜ್ಜಿ, ಇದು ಹಿಂಗ ಓದಿದ್ರೂ ಗದಗ, ಹಂಗ ಓದಿದ್ರೂ ಗದಗ!" ಎಂದು ಕೂಗಿದಳು. ಮೂವತ್ತು ದಾಟಿದ ನಮಗೆ, ಪದವಿ ಪಡೆದ ನಮಗೆ, ಅದು ಅಂದಿನವರೆಗೆ ಹೊಳೆದಿರಲಿಲ್ಲ. ತಾಯಿಯವರು ಮಾತಾಡಲಿಲ್ಲ, ಅವಳ ಕೆನ್ನೆ ಸವರಿದರು.

ಮೊದಲು ತ್ರಿಕೂಟೇಶ್ವರನ ದರ್ಶನ. ಒಂದೇ ಪೀಠದ ಮೇಲೆ ಮೂರು ಲಿಂಗಗಳಿರುವ ಗುಡಿ. ಪಕ್ಕದ ಸರಸ್ವತಿಯ ಗುಡಿಯ ಕಂಬಗಳನ್ನು ಕಂಡರೆ, ಕಡೆದದ್ದು ಕಲ್ಲೋ ದಂತವೋ ಎಂಬ ಸಂದೇಹ ಹುಟ್ಟುತ್ತದೆ. ಅಲ್ಲಿಂದ ವೀರನಾರಾಯಣನ ಗುಡಿ. ಇದನ್ನು ಹೊಯ್ಸಳ ವಿಷ್ಣುವರ್ಧನನು ಕಟ್ಟಿಸಿದನೆಂದು ಪ್ರತೀತಿ. ಕುಮಾರವ್ಯಾಸನು ಕುಳಿತು ಭಾರತ ಬರೆದ ಕಂಬವೆಂದು ಒಂದನ್ನು ತೋರಿಸುತ್ತಾರೆ. ಮಿಂದು ಬಂದು, ಉಟ್ಟ ಬಟ್ಟೆಯ ಹಸಿ ಆರುವವರೆಗೆ ಮಾತ್ರ ಬರೆಯುತ್ತಿದ್ದನಂತೆ. ಹತ್ತು ಪರ್ವಗಳನ್ನು ಭಾಮಿನಿ ಷಟ್ಪದಿಯಲ್ಲಿ ಮುಗಿಸಿದ ಆ ಕಾವ್ಯಕ್ಕೆ ಗದುಗಿನ ಭಾರತವೆಂದೇ ಹೆಸರು. ಮಗಳು ಕೇಳಿದಳು: "ಆರಲಿಲ್ಲಂದ್ರ ಇನ್ನಷ್ಟು ಬರೀಬಹುದಿತ್ತಲ್ಲ? ಬಿಸಿಲಾಗ ಯಾಕ ಕೂತ?" ಅರ್ಚಕರು ನಕ್ಕು ಅವಳಿಗೆ ಎರಡು ಸಲ ತೀರ್ಥ ಕೊಟ್ಟರು.

ಬೆಟಗೇರಿಯ ಓಣಿಗಳಲ್ಲಿ ನಮ್ಮ ಗಾಡಿ ಹಿಡಿಸಲಿಲ್ಲ. ತಲೆಯ ಮೇಲೆ ವಿದ್ಯುತ್ತಿನ ತಂತಿ, ಎದುರಿಗೆ ಎಮ್ಮೆ. ಕಡೆಗೆ ನಡೆದೇ ಹೋದೆವು. ತಾಯಿಯವರ ಮನೆ ಇದ್ದ ಜಾಗದಲ್ಲಿ ಈಗ ಒಂದು ಮುದ್ರಣಾಲಯ. "ಇಲ್ಲೇ ಇತ್ತವ್ವಾ ನಮ್ಮ ಮನಿ. ಮಗ್ಗದ ಸಪ್ಪಳ ಕೇಳಿ ಏಳತಿದ್ವಿ" ಎಂದು ಸ್ವಲ್ಪ ಹೊತ್ತು ನಿಂತರು. ಒಳಗೆ ಯಂತ್ರ ಲಗ್ನಪತ್ರಿಕೆಗಳನ್ನು ಮುದ್ರಿಸುತ್ತಿತ್ತು. ಸಮಾಚಾರ ತಿಳಿದ ಮಾಲಿಕರು ಒಂದು ಪತ್ರಿಕೆಯನ್ನು ಮಗಳ ಕೈಗಿತ್ತರು. ಅದರಲ್ಲಿ ಅವಳು ಹುಡುಕಿದ್ದು ಗ ಮತ್ತು ದ.

ಗಾಡಿಯಲ್ಲೇ ಮಾಡಿಕೊಂಡ ಅನ್ನ, ಸಾರು, ಕೊಂಡು ತಂದ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಿಂದು ಹನ್ನೆರಡು ಕಿಲೋಮೀಟರ್ ದೂರದ ಲಕ್ಕುಂಡಿಗೆ ಹೊರಟೆವು. ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತಿರುವ ಹಳ್ಳಿ. ಸೂರ್ಯನ ಗುಡಿಗೆ ಎದುರಾಗಿ ನಿಂತ ಕಾಶಿ ವಿಶ್ವೇಶ್ವರನನ್ನೂ, ಮಾಣಿಕೇಶ್ವರನ ಮುಂದಣ ಮುಸುಕಿನ ಬಾವಿಯನ್ನೂ ನೋಡಿದೆವು. ಆದರೆ ನಮ್ಮನ್ನು ಬಹಳ ಹೊತ್ತು ಹಿಡಿದದ್ದು ಬ್ರಹ್ಮಜಿನಾಲಯ. 1007ರಲ್ಲಿ ಅದನ್ನು ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಈಕೆ ರನ್ನನಿಗೆ ಆಶ್ರಯವಿತ್ತಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯ ಮೇಲೆ ಬರೆಯಿಸಿ ಹಂಚಿದಳು.

ನಾವು ಗುಮಾಸ್ತರು, ನಕಲು ಮಾಡುವುದೆಂದರೇನೆಂದು ಬಲ್ಲೆವು. ಒಂದು ಸುತ್ತೋಲೆಗೆ ಹತ್ತು ಪ್ರತಿ ಬೇಕೆಂದರೆ, ಯಂತ್ರವಿದ್ದೂ ಗೊಣಗುತ್ತೇವೆ. ಆಕೆಗೆ ಕಂಟದಿಂದ ಕೊರೆಯಿಸಿದ ಸಾವಿರ ಬೇಕಾಯಿತು. ಓದುವವರ ಕೈಗೆ ಹೋಗದಿದ್ದರೆ ಕಾವ್ಯ ಬದುಕುವುದಿಲ್ಲವೆಂದು ಬಲ್ಲವಳು. ಮನೆಯಲ್ಲಿ ಒಂದೇ ಮಗುವಿಗೆ ಅಕ್ಷರ ದಾಟಿಸಲು ಬೇಸರಪಟ್ಟ ನಮಗೆ ಆ ಜಿನಾಲಯದ ತಂಪಿನಲ್ಲಿಯೂ ಬೆವರು ಬಂದಿತು.

ಸಂಜೆ ಗದಗಿಗೆ ಮರಳಿ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋದೆವು. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಟ್ಟಿ, 1944ರಲ್ಲಿ ಅವರು ತೀರಿಕೊಂಡ ಮೇಲೆ ಅವರಂತೆಯೇ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು 2010ರವರೆಗೆ ನಡೆಯಿಸಿದ ಸಂಸ್ಥೆ. ಅಂಧ ಹುಡುಗರು ಹಾರ್ಮೋನಿಯಂ ಮುಂದಿಟ್ಟುಕೊಂಡು ಒಂದೇ ಪಲುಕನ್ನು ಬೇಸರವಿಲ್ಲದೆ ತಿದ್ದುತ್ತಿದ್ದರು. ಪುಣೆಯಲ್ಲಿ 1953ರಲ್ಲಿ ಸವಾಯಿ ಗಂಧರ್ವ ಉತ್ಸವ ಆರಂಭಿಸಿದ ಭೀಮಸೇನ ಜೋಶಿಯವರೂ 1922ರಲ್ಲಿ ಇದೇ ಸೀಮೆಯಲ್ಲಿ ಹುಟ್ಟಿ, ಗುರುವನ್ನು ಹುಡುಕುತ್ತ ಬಾಲ್ಯದಲ್ಲೇ ಮನೆ ಬಿಟ್ಟವರು. ಅವರನ್ನು ಪುಣೆಯವರೆಂದೇ ನಂಬಿದ್ದ ನಮ್ಮ ಮಗಳಿಗೆ ಇದು ದೊಡ್ಡ ಸುದ್ದಿ.

ರಾತ್ರಿ ಬಿಸಿ ಮಿರ್ಚಿಯ ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತ ಗಾಡಿಗೆ ಬಂದಾಗ, ಹಿಂದಿನ ಗಾಜಿನ ಧೂಳಿನ ಮೇಲೆ ಮಗಳು ಬೆರಳಿನಿಂದ ಗದಗ ಎಂದು ಬರೆದಿದ್ದಳು. ಅದರ ಕೆಳಗೆ ಒಂದು ಲ. "ಅಜ್ಜಿ, ಲಕ್ಕುಂಡಿಗೆ ಎರಡು ಕ ಹೆಂಗ ಬರೀಬೇಕು?" ತಾಯಿಯವರು ಅವಳ ಬೆರಳು ಹಿಡಿದು ಒತ್ತಕ್ಷರ ತಿದ್ದಿಸಿದರು.

ಈಗ ಪುಣೆಯಲ್ಲಿ ದಿನಾ ಊಟದ ಮುಂಚೆ ಅರ್ಧ ಗಂಟೆ ಅಜ್ಜಿಯ ಶಾಲೆ. ಅದನ್ನು ನಾವು ಮುಂದೂಡುವುದಿಲ್ಲ. ಊರಿಗೆ ಹೊರಟ ಬಂಧುಗಳು ಒಂದು ಸಲ ಗದಗಿನಲ್ಲಿ ಇಳಿಯಲಿ. ಮನೆಗಾಡಿಯೇ ಬೇಕೆಂದಿಲ್ಲ, ರೈಲೂ ಬಸ್ಸೂ ಇವೆ. ಒಂದು ಹಗಲು ಸಾಕು. ಅಕ್ಷರ ಬಾರದ ಮಕ್ಕಳಿದ್ದರೆ ಅವರನ್ನು ಮರೆಯದೆ ಕರೆದೊಯ್ಯಿರಿ. ಸ್ಟೇಷನ್ನಿನಲ್ಲಿ ಮೊದಲ ಪಾಠ ಸಿದ್ಧವಾಗಿದೆ.