ಕಚೇರಿಯ ಬಾಗಿಲಲ್ಲಿ

'ಕಚೇರಿ' ಎಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಎರಡರ್ಥಗಳಿರುವುದು ವಾಚಕರಿಗೆ ತಿಳಿದ ಸಂಗತಿಯೇ. ವೀಣೆ ತಂಬೂರಿಗಳಿರುವುದೂ ಕಚೇರಿ, ದಫ್ತರ ದಸ್ತಾವೇಜುಗಳಿರುವುದೂ ಕಚೇರಿ. ಇವೆರಡನ್ನೂ ಬೆರೆಸುವ ಪ್ರಸಂಗವು ನನಗೆ ಇದುವರೆಗೆ ಒದಗಿರಲಿಲ್ಲ. ಕಳೆದ ಮಾಘಮಾಸದ ಒಂದು ಸಂಜೆ ಬೆಂಗಳೂರಿನ ಸಭಾಭವನವೊಂದರ ಬಾಗಿಲಲ್ಲಿ ನಿಂತಾಗ ಮಾತ್ರ, ಒಂದಕ್ಕೆಂದು ಹೊರಟವನು ದಾರಿ ತಪ್ಪಿ ಇನ್ನೊಂದಕ್ಕೆ ಬಂದು ಸೇರಿದೆನೋ ಎಂಬ ಭ್ರಾಂತಿ ನನಗುಂಟಾಯಿತು.

ನಡೆದುದಿಷ್ಟು. ನನ್ನ ಪತ್ನಿಯು ಚಿಕ್ಕಂದಿನಲ್ಲಿ ಆರು ವರ್ಷ ವೀಣೆ ಕಲಿತವಳು. ಮದುವೆಯಾಗಿ ನಮ್ಮ ಮನೆಗೆ ಬಂದ ಮೇಲೆ ಆ ವೀಣೆ ಅಟ್ಟಕ್ಕೇರಿತು. ಏರಿಸಿದವರು ಯಾರೆಂಬ ವಿಚಾರವನ್ನು ಇಲ್ಲಿ ಬೆಳೆಸುವುದು ನನಗೆ ಹಿತವಲ್ಲ. ಆಕಾಶವಾಣಿಯಲ್ಲಿ ಒಬ್ಬ ಹಿರಿಯ ವೈಣಿಕರ ವಾದನ ಬಂದಾಗಲೆಲ್ಲ ಆಕೆ ಅಡಿಗೆಮನೆಯ ಬಾಗಿಲಿಗೊರಗಿ ನಿಂತು ಕೇಳುತ್ತಿದ್ದಳು. ಒಲೆಯ ಮೇಲೆ ಹುಳಿ ಸೀದುದುಂಟು. ನಾನು ಗೊಣಗಿದುದೂ ಉಂಟು. ಆದರೆ ಆ ವಿದ್ವಾಂಸರನ್ನು ಎದುರಿಗೆ ಕುಳಿತು ಕೇಳುವ ಯೋಗ ನಲವತ್ತು ವರ್ಷಗಳಲ್ಲಿ ಒಮ್ಮೆಯೂ ಕೂಡಿ ಬರಲಿಲ್ಲ. ಅವರಿಗೀಗ ಎಂಬತ್ತು ದಾಟಿದೆ. ಇನ್ನು ದೊಡ್ಡ ಕಚೇರಿಗಳನ್ನು ಮಾಡುವುದಿಲ್ಲವಂತೆ ಎಂಬ ವರ್ತಮಾನ ಬಂದಿತು. ಅಮೆರಿಕದ ಆಸ್ಟಿನ್ ನಗರದಲ್ಲಿರುವ ನಮ್ಮ ಮಗನಿಗೆ ತಾಯಿಯ ಮನಸ್ಸು ತಿಳಿಯದೆ? ಅವನು ಅಲ್ಲಿಂದಲೇ ಎರಡು ಟಿಕೆಟ್ಟುಗಳನ್ನು ಕೊಂಡು ನನ್ನ ಮೊಬೈಲಿಗೆ ಕಳುಹಿಸಿಕೊಟ್ಟನು. ನಾವು ಹಾಸನದಿಂದ ರೈಲು ಹತ್ತಿ ಬಂದೆವು. ಆಕೆ ತನ್ನ ಮಂಡಿನೋವನ್ನು ಮರೆತು, ರೇಷ್ಮೆಸೀರೆಯುಟ್ಟು, ಆರು ಗಂಟೆಯ ಕಚೇರಿಗೆ ಐದೂವರೆಗೇ ಬಾಗಿಲಲ್ಲಿ ನಿಂತಿದ್ದಳು.

ಬಾಗಿಲಲ್ಲಿದ್ದವಳು ಇಪ್ಪತ್ತರ ಒಬ್ಬ ತರುಣಿ, ವಿನಯವಂತೆ. ಟಿಕೆಟ್ಟಿನ ಚೌಕಚಿತ್ರವನ್ನು ಯಂತ್ರಕ್ಕೆ ತೋರಿಸಿಕೊಂಡು, ನನ್ನ ಆಧಾರ್ ಚೀಟಿಯನ್ನು ನೋಡಿ ಕೇಳಿದಳು:

"ಟಿಕೆಟ್ ತೆಗೆದುಕೊಂಡವರು ಎಲ್ಲಿ ಸಾರ್?"

"ನನ್ನ ಮಗ, ಅಮ್ಮಾ. ಅಮೆರಿಕದಲ್ಲಿದ್ದಾನೆ."

"ಅವರೇ ತಮ್ಮ ಮೂಲ ಗುರುತಿನ ಚೀಟಿ ಹಿಡಿದು ಬರಬೇಕು ಸಾರ್. ಷರತ್ತಿನಲ್ಲಿ ಬರೆದಿದೆ."

ಬರೆದಿದ್ದುದು ಸತ್ಯವೇ. ಇರುವೆಯ ಸಾಲಿನಂತಹ ಅಕ್ಷರಗಳಲ್ಲಿ ಬರೆದಿದ್ದಿತು. ಮಗನು ಅದನ್ನು ಓದಿರಲಿಲ್ಲ. ನಾನಂತೂ ಕನ್ನಡಕವಿದ್ದೂ ಓದಲಾರದವನು.

ಇಲ್ಲಿ ಇನ್ನೊಂದು ಸೋಜಿಗವನ್ನು ಹೇಳಬೇಕು. ನಮ್ಮ ಕಡೆ ಮನೆತನದ ಹೆಸರೆಂಬುದನ್ನು ಇಟ್ಟುಕೊಳ್ಳದ ಕುಟುಂಬಗಳು ಬಹಳ. ಊರಿನದೊಂದು, ತಂದೆಯದೊಂದು ಆದ್ಯಕ್ಷರದಲ್ಲಿ ನಮ್ಮ ವಂಶಾವಳಿ ಮುಗಿಯುತ್ತದೆ. ಪಾಸ್‌ಪೋರ್ಟಿನವರು ಮನೆತನದ ಹೆಸರೇನೆಂದು ಕೇಳಿದಾಗ ಮಗನು ನನ್ನ ಹೆಸರನ್ನೇ ಆ ಸ್ಥಳದಲ್ಲಿ ತುಂಬಿದ್ದನು. ಹೀಗಾಗಿ ಟಿಕೆಟ್ಟಿನ ಮೇಲಿದ್ದ ಹೆಸರಿನಲ್ಲಿ ಪೂರ್ವಾರ್ಧವು ಅವನು, ಉತ್ತರಾರ್ಧವು ನಾನೇ! ಈ ಅಂಶವನ್ನು ನಾನು ಆ ತರುಣಿಗೆ ವಿಶದಪಡಿಸಿದೆನು. ಅವಳು ನಕ್ಕಳು, ಅರ್ಧ ಹೆಸರಿಗೆ ಅರ್ಧ ಬಾಗಿಲನ್ನು ತೆರೆಯುವ ಅಧಿಕಾರ ಮಾತ್ರ ಅವಳಿಗಿರಲಿಲ್ಲ. ನಮ್ಮನ್ನು ಪಕ್ಕದ ಬೆಂಚಿನ ಮೇಲೆ ಕೂರಿಸಿ, ಕುಡಿಯಲು ನೀರು ತಂದುಕೊಟ್ಟು, ಮೇಲಿನವರನ್ನು ಕೇಳಿ ಬರುವೆನೆಂದು ಹೋದಳು.

ಇಂತಹ ನಿಯಮವೇಕೆ ಹುಟ್ಟಿತೆಂಬುದನ್ನು ಆಮೇಲೆ ಮಗನಿಂದ ಕೇಳಿ, ಓದಿ ತಿಳಿದುಕೊಂಡೆನು. ನ್ಯಾಯವಾಗಿ ಅದನ್ನೂ ಹೇಳಬೇಕು. 2025ನೆಯ ಜನವರಿಯಲ್ಲಿ ಕೋಲ್ಡ್‌ಪ್ಲೇ ಎಂಬ ಆಂಗ್ಲ ವಾದ್ಯವೃಂದವು ನವೀ ಮುಂಬಯಿಯಲ್ಲಿ ಮೂರು ದಿನ ನುಡಿಸಿತಷ್ಟೆ. ಹಿಂದಿನ ವರ್ಷದ ಸೆಪ್ಟೆಂಬರ್ 22ರಂದು ಟಿಕೆಟ್ಟುಗಳು ಮಾರಾಟಕ್ಕೆ ಬಂದಾಗ ಅವುಗಳ ಬೆಲೆ 2,500 ರೂಪಾಯಿಯಿಂದ 35,000 ರೂಪಾಯಿಯವರೆಗೆ ಇದ್ದಿತು. ಅವು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತೀರಿಹೋಗಿ, ಮರುಮಾರಾಟದ ಅಂಗಡಿಗಳಲ್ಲಿ ಲಕ್ಷಗಟ್ಟಲೆ ಬೆಲೆಗೆ ಮತ್ತೆ ತಲೆಯೆತ್ತಿದವು. ಸಂಗತಿಯು ಮುಂಬಯಿ ಪೊಲೀಸರ ವಿಚಾರಣೆಯವರೆಗೆ ಹೋಯಿತು. ಲಂಡನ್ನಿನಲ್ಲಿ 2014ರಲ್ಲಿ ಕೇಟ್ ಬುಷ್ ಎಂಬ ಗಾಯಕಿಯು ಮೂವತ್ತೈದು ವರ್ಷಗಳ ತರುವಾಯ ವೇದಿಕೆಗೆ ಮರಳಿ 22 ರಾತ್ರಿ ಹಾಡಿದಳು. ಟಿಕೆಟ್ಟುಗಳೆಲ್ಲ ಕಾಲುಗಂಟೆಯೊಳಗೆ ಮುಗಿದವು. ಕಾಳಸಂತೆಯನ್ನು ತಡೆಯುವುದಕ್ಕಾಗಿ ಕೊಂಡವರ ಹೆಸರನ್ನು ಟಿಕೆಟ್ಟಿನ ಮೇಲೆ ಅಚ್ಚುಮಾಡಿ, ಭಾವಚಿತ್ರದ ಗುರುತುಚೀಟಿಯೊಡನೆ ಅವರೇ ಬರತಕ್ಕದ್ದೆಂದು ವಿಧಿಸಿದ್ದರಂತೆ. ಜಪಾನು ದೇಶವು 2019ರಿಂದ, ಕೊಂಡವರ ಹೆಸರನ್ನು ಗೊತ್ತುಮಾಡಿ ಮಾರಿದ ಟಿಕೆಟ್ಟನ್ನು ಲಾಭಕ್ಕಾಗಿ ಹೆಚ್ಚಿನ ಬೆಲೆಗೆ ಮಾರುವುದನ್ನು ಅಪರಾಧವೆಂದೇ ಪರಿಗಣಿಸಿ, ಒಂದು ವರ್ಷದವರೆಗೆ ಸೆರೆವಾಸ ಅಥವಾ ಹತ್ತು ಲಕ್ಷ ಯೆನ್‌ವರೆಗೆ ದಂಡ, ಇಲ್ಲವೆ ಎರಡನ್ನೂ ಗೊತ್ತುಪಡಿಸಿದೆ. ರೋಗವು ನಿಜವಾದದ್ದು, ಔಷಧವು ಬೇಕಾದದ್ದೇ.

ಪಾಠಶಾಲೆಯಲ್ಲಿ ಓದಿದ ನನಗೆ ಇದು ಹೊಸ ಸಮಸ್ಯೆಯೆಂದೂ ತೋರಲಿಲ್ಲ. ಮುದ್ರಾರಾಕ್ಷಸ ನಾಟಕದಲ್ಲಿ ಅಮಾತ್ಯನ ಮುದ್ರೆಯುಂಗುರವು ಪರರ ಕೈಗೆ ಸಿಕ್ಕಿದುದೇ ಅವನ ಕೇಡಿಗೆ ಕಾರಣವಾಯಿತು. ಹಿಡಿದವನದೇ ಮುದ್ರೆಯೆಂದಾದರೆ ಆಗುವ ಅನರ್ಥಕ್ಕೆ ಅದಕ್ಕಿಂತ ಬೇರೆ ನಿದರ್ಶನ ಬೇಡ. ಶಾಕುಂತಲದಲ್ಲಾದರೋ ಅದರ ವಿಪರೀತ. ಕೈಹಿಡಿದ ಹೆಂಡತಿಯೇ ಎದುರಿಗೆ ನಿಂತಿದ್ದರೂ ಉಂಗುರವಿಲ್ಲದ್ದರಿಂದ ಅರಸನಿಗೆ ಅವಳು ಯಾರೋ! ಅದಕ್ಕೆ ದೂರ್ವಾಸರ ಶಾಪವೆಂಬ ಸಮಾಧಾನವಾದರೂ ಇದ್ದಿತು. ಕೌಟಿಲ್ಯನು ಈ ಎರಡು ನಾಟಕಗಳ ನಡುವಿನ ದಾರಿ ಹಿಡಿದನು. ಅವನ ಮುದ್ರಾಧ್ಯಕ್ಷನು ಒಂದು ಮಾಷಕದ ಶುಲ್ಕಕ್ಕೆ ರಹದಾರಿ ಕೊಡತಕ್ಕವನು. ಅದಿಲ್ಲದೆ ನಾಡಿನ ಗಡಿ ದಾಟಿದವನಿಗೆ ಹನ್ನೆರಡು ಪಣ ದಂಡ. ಅವನಿಗೆ ಬೇಕಾಗಿದ್ದುದು ಬಾಗಿಲಿಗೆ ಬಂದವನ ಕೈಯಲ್ಲಿ ಮುದ್ರೆಯಿದೆಯೆ ಎಂಬುದು. ಶುಲ್ಕದ ಮಾಷಕವನ್ನು ಯಾರ ಗಂಟಿನಿಂದ ಬಿಚ್ಚಿದರೆಂಬುದಲ್ಲ.

ನನ್ನ ಆಕ್ಷೇಪಣೆಯೂ ಇಷ್ಟೇ. ಅದೇ ದಿನ ಬೆಳಿಗ್ಗೆ ರೈಲಿನಲ್ಲಿಯೂ ನಮ್ಮ ಗುರುತನ್ನು ಕೇಳಿದ್ದರು. ಆ ಟಿಕೆಟ್ಟುಗಳನ್ನೂ ಮಗನೇ ಕೊಂಡಿದ್ದನು. ಆದರೆ ರೈಲ್ವೆಯವರು ಕೊಳ್ಳುವಾಗಲೇ ಪ್ರಯಾಣಿಕನ ಹೆಸರನ್ನು ಬರೆಯಿಸಿಕೊಳ್ಳುತ್ತಾರೆ. ಹಣ ಕೊಟ್ಟವನು ಯಾವ ಖಂಡದಲ್ಲಿದ್ದರೂ ಅವರಿಗೆ ಚಿಂತೆಯಿಲ್ಲ. ಅಷ್ಟೇ ಅಲ್ಲ, ಕಾದಿರಿಸಿದವನಿಗೆ ಹೊರಡಲಾಗದಿದ್ದರೆ, ಇಪ್ಪತ್ತುನಾಲ್ಕು ಗಂಟೆ ಮುಂಚಿತವಾಗಿ ಬರೆದುಕೊಟ್ಟು ಅದನ್ನು ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು, ಗಂಡ, ಹೆಂಡತಿ ಇವರ ಹೆಸರಿಗೆ ಬದಲಾಯಿಸಿಕೊಳ್ಳಬಹುದು. ಶಾಲೆಯ ಮಕ್ಕಳ ವಿಷಯದಲ್ಲಿ ಮುಖ್ಯಸ್ಥನ ಪತ್ರವಿದ್ದು ನಾಲ್ವತ್ತೆಂಟು ಗಂಟೆ ಮುಂಚೆ ಕೇಳಿದರೆ ಒಬ್ಬ ವಿದ್ಯಾರ್ಥಿಯ ಜಾಗದಲ್ಲಿ ಇನ್ನೊಬ್ಬನನ್ನು ಕರೆದೊಯ್ಯಬಹುದು. ಪ್ರವಾಸಕ್ಕೆ ಹೊರಡುವ ಮುನ್ನ ಅಮ್ಮ ಎದ್ದ ಹುಡುಗನ ಬದಲಿಗೆ, ದುಡ್ಡಿಲ್ಲದೆ ಹಿಂದುಳಿದಿದ್ದ ಮತ್ತೊಬ್ಬನನ್ನು ನಾನೇ ಹಾಗೆ ಕರೆದೊಯ್ದಿದ್ದೇನೆ. ಇಟಲಿಯಲ್ಲಿ 2019ನೆಯ ಜುಲೈಯಿಂದ, ಐದು ಸಾವಿರಕ್ಕೂ ಹೆಚ್ಚು ಜನ ಹಿಡಿಯುವ ಸ್ಥಳಗಳ ಟಿಕೆಟ್ಟುಗಳಲ್ಲಿ ಹೆಸರಿರಬೇಕೆಂದು ಶಾಸನ ಮಾಡಿದರು. ಹೆಸರನ್ನು ಬದಲಾಯಿಸಿಕೊಳ್ಳುವ ಅವಕಾಶವನ್ನೂ ಅದರಲ್ಲಿಯೇ ಇಟ್ಟರು. ಕಳ್ಳನನ್ನು ಹಿಡಿಯಲು ಬಂದವನ ಹೆಸರು ಸಾಲದೆ? ಕೊಟ್ಟವನನ್ನೇಕೆ ಏಳು ಸಮುದ್ರದಾಚೆಯಿಂದ ಕರೆಯಬೇಕು? ನಮ್ಮ ಮನೆಗಳಲ್ಲಿ ಮುದುಕರಿಗೆ ಟಿಕೆಟ್ಟು ಕೊಳ್ಳುವವರು ಯಾವಾಗಲೂ ಮಕ್ಕಳೇ. ಈ ನಿಯಮದ ಬಲೆಯಲ್ಲಿ ಹದ್ದು ಸಿಕ್ಕುವುದಕ್ಕಿಂತ ಮುದಿಗುಬ್ಬಿಗಳು ಸಿಕ್ಕುವುದೇ ಹೆಚ್ಚು.

ಹೀಗೆಲ್ಲ ಈಗ ತರ್ಕಿಸುತ್ತಿದ್ದೇನೆ. ಆ ಬೆಂಚಿನ ಮೇಲೆ ಕುಳಿತಿದ್ದಾಗ ನನ್ನ ಮನಸ್ಸು ಇದಾವುದರಲ್ಲಿಯೂ ಇರಲಿಲ್ಲ. ಒಳಗೆ ಶ್ರುತಿ ಕೂಡಿಸುವ ದನಿ ಕೇಳಿಸಿತು. ಬಳಿಕ ಬಾಗಿಲು ಮುಚ್ಚಿತು. ಆ ಮುಚ್ಚಿದ ಬಾಗಿಲನ್ನು ನೋಡುತ್ತ ನನಗೆ 1994ನೆಯ ವರ್ಷದ ಒಬ್ಬ ಹುಡುಗನ ನೆನಪಾಯಿತು.

ಹತ್ತನೆಯ ತರಗತಿಯ ಪರೀಕ್ಷೆ. ನಾನು ಕೊಠಡಿಯ ಮೇಲ್ವಿಚಾರಕ. ಹುಡುಗನು ಹಾಲ್ ಟಿಕೆಟ್ಟನ್ನು ಮನೆಯಲ್ಲಿ ಮರೆತು ಬಂದಿದ್ದನು. ಒಬ್ಬನ ಪರೀಕ್ಷೆಯನ್ನು ಇನ್ನೊಬ್ಬನು ಬರೆಯಬಾರದೆಂದು ಆ ಚೀಟಿಯಲ್ಲಿ ಭಾವಚಿತ್ರವನ್ನು ಅಂಟಿಸುವುದು. ಆದರೆ ಆ ಮುಖವನ್ನು ಗುರುತಿಸಲು ನನಗೆ ಭಾವಚಿತ್ರವೇ ಬೇಕಾಗಿದ್ದಿತೆ? ಮೂರು ವರ್ಷ ನನ್ನ ಮುಂದೆ ಕುಳಿತು ಶಬ್ದರೂಪಗಳನ್ನು ಒಪ್ಪಿಸಿದ ಮುಖ! "ತೆಗೆದುಕೊಂಡು ಬಾ, ಹೋಗು" ಎಂದೆನು. ಮುಖ್ಯ ಅಧೀಕ್ಷಕರಿಗೆ ಒಂದು ಮಾತು ಹೇಳಬಹುದಾಗಿದ್ದಿತು, ಹೇಳಲಿಲ್ಲ. ನಿಯಮಕ್ಕೆ ತಪ್ಪದವನೆಂಬ ಹೆಸರು ನನಗೆ ಆಗ ಬಹಳ ಪ್ರಿಯವಾಗಿದ್ದಿತು. ಅವನು ತನ್ನ ಹಳ್ಳಿಗೆ ಓಡಿ, ಬೆವರಿಳಿಸುತ್ತ ಮರಳಿ ಬರುವ ವೇಳೆಗೆ ಮೊದಲ ಅರ್ಧಗಂಟೆ ಕಳೆದು ಬಾಗಿಲು ಹಾಕಿದ್ದಿತು. ಕಿಟಕಿಯ ಸರಳುಗಳಾಚೆ ಅವನು ನಿಂತಿದ್ದುದನ್ನು ನಾನು ನೋಡಿದೆನು. ನೋಡದವನಂತೆ ಉತ್ತರಪತ್ರಿಕೆಗಳನ್ನು ಎಣಿಸಿದೆನು. ಮರುವರ್ಷ ಅವನು ಪರೀಕ್ಷೆಗೆ ಕೂರಲಿಲ್ಲ.

ಇದನ್ನು ನಾನು ಯಾರೊಡನೆಯೂ ಆಡಿದವನಲ್ಲ. ಏಕೋ ಆ ಬೆಂಚಿನ ಮೇಲೆ ಪತ್ನಿಗೆ ಹೇಳಿದೆನು. ಆಕೆ ನನ್ನ ಕಡೆ ತಿರುಗಲಿಲ್ಲ.

"ಗೊತ್ತು. ಆವತ್ತು ರಾತ್ರಿ ನೀವು ಊಟ ಮಾಡಲಿಲ್ಲ" ಎಂದಳು.

"ಯಾರು ಹೇಳಿದರು ನಿನಗೆ?"

"ಅವನ ತಾಯಿ ಬಂದಿದ್ದರು, ನೀವು ಶಾಲೆಗೆ ಹೋಗಿದ್ದಾಗ. ನಾನೇನು ಹೇಳಲಿ, ಕಾಫಿ ಕೊಟ್ಟು ಕಳಿಸಿದೆ."

ಮೂವತ್ತು ವರ್ಷ ಆಕೆ ಇದನ್ನು ನನಗೆ ತಿಳಿಸಿರಲಿಲ್ಲ.

ಆಸ್ಟಿನ್ನಿನಲ್ಲಿ ಅದು ಮುಂಜಾನೆಯ ಹೊತ್ತು. ಎಷ್ಟೋ ಸಲ ಕರೆದ ಮೇಲೆ ಮಗನು ಎಚ್ಚೆತ್ತು, ಪಾಸ್‌ಪೋರ್ಟಿನ ನಕಲನ್ನೂ, ತಂದೆತಾಯಿಗಳನ್ನು ಒಳಗೆ ಬಿಡಬೇಕೆಂದು ಒಂದು ಒಪ್ಪಿಗೆಪತ್ರವನ್ನೂ ಕಳುಹಿಸಿದನು. ವ್ಯವಸ್ಥಾಪಕರಲ್ಲಿ ಹಿರಿಯರೊಬ್ಬರು ಬಂದು, ಅದನ್ನು ಮೇಲಿಂದ ಕೆಳಗೆ ಎರಡು ಸಲ ಓದಿ, "ಮುಂದಿನ ಸಲ ಹೀಗೆ ಮಾಡಬೇಡಿ" ಎಂದು ಎಚ್ಚರಿಸಿ ಬಿಟ್ಟರು. ಮುಂದಿನ ಸಲ! ತರುಣಿಯು ಪತ್ನಿಯ ಕೈ ಹಿಡಿದು ಮೆಟ್ಟಿಲು ಹತ್ತಿಸಿದಳು. ಒಳಗೆ ತನಿ ಆವರ್ತನ ನಡೆಯುತ್ತಿದ್ದಿತು. ಅದು ಮುಗಿಯುವವರೆಗೆ ಪರದೆಯ ಬಳಿ ಕತ್ತಲಲ್ಲಿ ನಿಂತು, ಬಳಿಕ ನಮ್ಮ ಜಾಗಕ್ಕೆ ಹೋಗಿ ಕುಳಿತೆವು. ವಿದ್ವಾಂಸರು ಒಂದು ದೇವರನಾಮವನ್ನು ನುಡಿಸಿ ಮಂಗಳ ಹಾಡಿದರು. ಒಟ್ಟು ಹನ್ನೊಂದು ನಿಮಿಷ. ಪತ್ನಿಯ ಎಡಗೈಯ ಬೆರಳುಗಳು ಮಡಿಲ ಸೆರಗಿನ ಮೇಲೆ ಮೇಳಗಳನ್ನು ಹುಡುಕುತ್ತಿದ್ದುದನ್ನು ನಾನು ಕಂಡೆನು.

ಹೊರಗೆ ಬಂದಾಗ ಮೊಬೈಲು ಮತ್ತೆ ಹೊಡೆದುಕೊಂಡಿತು. ಮಗನು ಅಳುದನಿಯಲ್ಲಿದ್ದನು.

"ಎಷ್ಟು ಸಿಕ್ಕಿತಮ್ಮಾ, ಕೇಳೋದಕ್ಕೆ?"

"ಮುಖ್ಯವಾದದ್ದೆಲ್ಲ ಸಿಕ್ಕಿತು ಕಣೋ. ನೀನು ಸ್ವಲ್ಪ ಮಲಗು" ಎಂದು ಹೇಳಿ, ಆಕೆ ಫೋನನ್ನು ನನ್ನ ಕೈಗೆ ಕೊಟ್ಟಳು.