ಟ್ರಾಮ್ ಹೋದ ಜಾಡು

ನರಸಿಂಹರಾಜಪುರ

ಪ್ರೀತಿಯ ತಮ್ಮನಿಗೆ,

ಮುಳ್ಳಯ್ಯನಗಿರಿ, ಚಾರ್ಮಾಡಿ, ಕಳಸದ ದಾರಿಗಳೆಲ್ಲ ಇರುವಾಗ, ಹಳಿಯೇ ಇಲ್ಲದ ಹಳೆಯ ರೈಲಿನ ಜಾಡಿನಲ್ಲಿ ಸೈಕಲ್ ಯಾಕೆ ಎಂದು ಕೇಳಿದ್ದೀಯ. ಏರು ಕಡಿಮೆ ಎಂಬುದೇ ಕಾರಣ. ನಮ್ಮ ಘಾಟಿ ರಸ್ತೆ ನೂರು ಅಡಿ ಸಾಗುವಷ್ಟರಲ್ಲಿ ಐದಾರು ಅಡಿ ಮೇಲೇರುವುದು ಸಾಮಾನ್ಯ. ಸಾಮಾನ್ಯ ರೈಲಿಗೆ ಅದು ಕಷ್ಟ. ಕಬ್ಬಿಣದ ಗಾಲಿ ಕಬ್ಬಿಣದ ಹಳಿಯ ಮೇಲೆ ಜಾರುತ್ತದೆ. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಹಳಿ ಕೂಡ ನೂರಕ್ಕೆ ಎರಡಡಿಗಿಂತ ಹೆಚ್ಚು ಏರುವುದಿಲ್ಲ, ಅಷ್ಟಕ್ಕೇ ಅಲ್ಲಿ ಹೆಚ್ಚುವರಿ ಎಂಜಿನ್ ಕಟ್ಟಬೇಕು. ಇದನ್ನು ಕಾಲಿನ ಲೆಕ್ಕಕ್ಕೆ ತಂದು ನೋಡು. ಸೈಕಲ್ ಸೇರಿ 90 ಕಿಲೊ ತೂಗುವವರು ಗಂಟೆಗೆ 10 ಕಿ.ಮೀ. ವೇಗದಲ್ಲಿ ಹೋದರೆ, ನೂರಕ್ಕೆ ಎರಡರ ಏರಿಗೆಂದೇ ಸುಮಾರು 50 ವ್ಯಾಟ್ ಶಕ್ತಿ ಬೇಕು. ನೂರಕ್ಕೆ ಆರಾದರೆ ಸುಮಾರು 150. ಎರಡನೆಯದು ಪಳಗಿದವರ ಕೆಲಸ. ಮೊದಲನೆಯದು ಶಾಲೆಯ ಹುಡುಗಿಗೂ ಅರವತ್ತು ದಾಟಿದವರಿಗೂ ದಕ್ಕುತ್ತದೆ. ಮಲೆನಾಡನ್ನು ಗಟ್ಟಿಗರಿಗೆ ಮಾತ್ರವಲ್ಲ, ಎಲ್ಲರಿಗೂ ತೆರೆದಿಡುವ ದಾರಿ ಇದೊಂದೇ. ಅದನ್ನು ಸಾರ್ವಜನಿಕವಾಗಿ ಉಳಿಸಿಕೊಳ್ಳಬೇಕು ಎನ್ನುವುದೇ ನನ್ನ ವಾದ.

ಬೀರೂರು–ಶಿವಮೊಗ್ಗ ರೈಲು 1899ರಲ್ಲಿ ಶುರುವಾಯಿತು. ಆ ಮಾರ್ಗದ ತರೀಕೆರೆಯಿಂದ ಇಲ್ಲಿಗೆ ಬರೀ ಎರಡಡಿ ಅಗಲದ ಹಳಿಯ ಟ್ರಾಮ್ ಹಾಕಿಸಿದ್ದು ಮೈಸೂರು ಸಂಸ್ಥಾನ; ನಾನು ಹೇಳುವ ಜಾಡು ಅದರದೇ. ಕಿರಿದಾದ ಹಳಿಯನ್ನು ಬಿಗಿ ತಿರುವುಗಳಲ್ಲೂ ಹಾಕಬಹುದು; ಗುಡ್ಡ ಕೊರೆಯದೆ ಬಳಸಿಕೊಂಡು ಹೋಗಬಹುದು. ಅಂಥ ಜಾಡಿನಲ್ಲಿ ದೊಡ್ಡ ಬೆಲೆಯದ್ದು ಕಬ್ಬಿಣವಲ್ಲ. ಏರು ತಗ್ಗಿಸಲು ಕಡಿದ ಕಣಿ, ತಗ್ಗಿಗೆ ತುಂಬಿದ ಒಡ್ಡು, ಮಳೆನೀರು ದಾಟಿಸುವ ಮೋರಿ: ಇವೇ ಆಸ್ತಿ. ಕೂಲಿಯವರು ಗುದ್ದಲಿ ಹಿಡಿದು ಮಾಡಿದ ಈ ಕೆಲಸವನ್ನು ಇಂದು ಮತ್ತೆ ಮಾಡಿಸಲು ಯಾವ ಪಂಚಾಯಿತಿಗೂ ಸಾಧ್ಯವಿಲ್ಲ.

ಜಾಡು ಕಲ್ಲು, ಕೊರಕಲು, ಅದಕ್ಕೆ ಟಾರು ಹಾಕಲಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಟಾರು ಬಿದ್ದ ಮರುದಿನವೇ ಜೀಪು, ಕಾರು ಬರುತ್ತವೆ. ದಪ್ಪ ಜಲ್ಲಿಯನ್ನಷ್ಟೇ ಎತ್ತಿ, ಮೊರಂ ಹಾಸಿ, ಮೋರಿಗಳನ್ನು ತೆರವು ಮಾಡಿದರೆ ಅಗಲ ಟೈರಿನ ಸೈಕಲ್ಲಿಗೆ ಸಾಕು.

ಇದಕ್ಕಿಂತ ದೊಡ್ಡ ತಕರಾರು ಕಾಡಿನದು, ಅದು ನ್ಯಾಯವಾದದ್ದು. ತರೀಕೆರೆಗೂ ಈ ಊರಿಗೂ ನಡುವೆ ಲಕ್ಕವಳ್ಳಿ ಅಣೆಕಟ್ಟಿನ ಹಿನ್ನೀರಿದೆ, 1998ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಭದ್ರಾ ಕಾಡಿದೆ. ಆ ಕಾಡಿನೊಳಗಿನ ಹಳ್ಳಿಯವರು ಮನೆ, ಗದ್ದೆ ಬಿಟ್ಟು ಹೊರಗೆ ಬಂದಿದ್ದಾರೆ. ಅವರು ಬಿಟ್ಟುಕೊಟ್ಟ ನೆಮ್ಮದಿಯ ಜಾಗಕ್ಕೆ ಪ್ರವಾಸಿಗರನ್ನು ನುಗ್ಗಿಸುವುದು ಅವರಿಗೂ ಆನೆಗೂ ಮಾಡುವ ದ್ರೋಹ. ಹಾಗಾಗಿ ಇಡೀ ಮಾರ್ಗ ಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಕಾಡಿನಂಚಿಗೆ ಸೈಕಲ್ ನಿಲ್ಲಲಿ. ಹೊಲ, ತೋಟ, ಊರುಗಳ ಬದಿಗೆ ಉಳಿದ ತುಂಡುಗಳು ಸಾಕು. ತುಂಡಾದರೆ ಯಾರು ಬರುತ್ತಾರೆ ಎಂದರೆ, ಅಲ್ಲಿಯವರೇ: ಹೈಸ್ಕೂಲಿಗೆ ಹೋಗುವ ಮಕ್ಕಳು, ಸಂತೆಗೆ ಹೊರಟವರು.

ಇಂಥದ್ದು ಬೇರೆ ಕಡೆ ಆಗಿದೆ: ನ್ಯೂಜಿಲೆಂಡಿನ ಒಟಾಗೊ ಪ್ರಾಂತ್ಯದಲ್ಲಿ 1990ರಲ್ಲಿ ನಿಂತ ರೈಲಿನ ಜಾಡು 2000ರಲ್ಲಿ 152 ಕಿ.ಮೀ. ಸೈಕಲ್ ದಾರಿಯಾಯಿತು. ಮೊದಲು ಅಲ್ಲಿಯ ರೈತರಲ್ಲೂ ಕೆಲವರು ಬೇಡವೆಂದಿದ್ದರು; ಆಮೇಲೆ ಸೊರಗಿದ್ದ ಊರುಗಳಲ್ಲಿ ಹೋಟೆಲುಗಳು ಮತ್ತೆ ನಡೆದವು. ಪ್ರವಾಸಿಗರ ಅಂಥ ಹಣ ಇಲ್ಲಿಯೂ ಹರಿಯುತ್ತದೆ ಎಂದು ನಾನು ಆಸೆ ಹುಟ್ಟಿಸುವುದಿಲ್ಲ. ಆದರೆ ಅಲ್ಲಿ ಹಳಿ ಕಿತ್ತ ಮೇಲೂ ನೆಲ ಒಂದೇ ಸರ್ಕಾರಿ ಇಲಾಖೆಯ ಕೈಯಲ್ಲಿ ಅಖಂಡವಾಗಿ ಉಳಿದಿತ್ತು. ನಮ್ಮಲ್ಲಿ ಒಡ್ಡಿನ ಮಣ್ಣು ಮನೆಯ ಪಾಯಕ್ಕೆ ಹೋಗುವ, ಬೇಲಿ ಎರಡಡಿ ಮುಂದೆ ಸರಿಯುವ ಮೊದಲು ಸರ್ವೆ ಮಾಡಿ ಕಲ್ಲು ನೆಡಬೇಕು. ಕಂದಾಯ ಇಲಾಖೆಗೆ ಅರ್ಜಿ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವ ವಕೀಲರನ್ನು ಕೇಳಿ ಕರಡು ತಿದ್ದಿ ಕಳಿಸು.

ನಿನ್ನ ಅಕ್ಕ