ಬ್ಯಾಗಿನಲ್ಲಿ ಉಳಿದ ಜಾಗ

ಶುಕ್ರವಾರ ಠಾಣೆಯಲ್ಲಿ ಮತ್ಸ್ಯಗಂಧ ಹಿಡಿದು ಉಡುಪಿ, ಅಲ್ಲಿಂದ ಬಸ್ಸಿನಲ್ಲಿ ಹೆಬ್ರಿ, ಮರುದಿನ ಘಾಟಿ ಹತ್ತಿ ಆಗುಂಬೆ. ಜುಲೈ ತಿಂಗಳ ಮಳೆ. ಡೊಂಬಿವಲಿಯ ಮನೆಯಲ್ಲಿ ಮಂಚದ ಮೇಲೆ ಕ್ಯಾಮೆರಾ ಸಾಮಾನೆಲ್ಲ ಹರಡಿ ಕೂತಿದ್ದೇನೆ.

ಟ್ರೈಪಾಡ್ ಬೇಕೇ ಬೇಕು. ಆ ಕಾಡಿನೊಳಗೆ ಹಗಲಲ್ಲೂ ಬೆಳಕು ಕಡಿಮೆ. ಮೂರು ಬ್ಯಾಟರಿ, ಗಾಳಿಮಳೆ ಜೋರಾದರೆ ಕರೆಂಟು ನಂಬುವ ಹಾಗಿಲ್ಲ. ಕಪ್ಪೆ, ಗುಳಿಮಂಡಲ ಹಾವಿಗೆ ಮ್ಯಾಕ್ರೋ ಲೆನ್ಸ್. ಚಪ್ಪಲಿ ಡಬ್ಬಗಳಿಂದ ಕೂಡಿಟ್ಟ ಸಿಲಿಕಾ ಜೆಲ್ ಪೊಟ್ಟಣಗಳು ಆಗಲೇ ತೇವ ಕುಡಿದಿರುತ್ತವೆ ಎಂದು ತಡವಾಗಿ ತಿಳಿಯಿತು, ಹೊಸದು ತಂದೆ. ಹೆಂಡತಿ ನಕ್ಕಳು. ನಗಲಿ. ಎರಡು ವರ್ಷದ ಹಿಂದೆ ತೇವ ಹೊಕ್ಕು, ಬೂಸ್ಟು ಹಿಡಿದು ಒಂದು ಲೆನ್ಸ್ ಹಾಳಾಯಿತಲ್ಲ!

ಕಷ್ಟ ದೊಡ್ಡ ಜೂಮಿನದು. 600 ಎಂಎಂ, ಎರಡು ಕಿಲೋ. ಮಂಜು ಕವಿದರೆ ದೂರದ ಹಕ್ಕಿ ಕಾಣುವುದೇ ಇಲ್ಲ. ಆದರೂ ಇಟ್ಟೆ, ತೆಗೆದೆ, ಮತ್ತೆ ಇಟ್ಟೆ.

ಅಷ್ಟರಲ್ಲಿ ಹೆಬ್ರಿಯಿಂದ ಅಮ್ಮನ ಫೋನು. “ಈ ಸಲವಾದರೂ ಒಂದು ರಾತ್ರಿ ಇದ್ದು ಹೋಗು ಮಗಾ. ಕಪ್ಪೆಗಳು ಎಲ್ಲಿಗೂ ಓಡಿಹೋಗುವುದಿಲ್ಲ.”

ಅಪ್ಪ ತೀರಿಕೊಂಡಾಗ ಗೋಡೆಗೆ ಹಾಕಲು ಒಂದು ಫೋಟೊ ಹುಡುಕಿದ್ದೆವು. ನನ್ನ ಹಾರ್ಡ್ ಡಿಸ್ಕಿನಲ್ಲಿ ಮೂವತ್ತು ಸಾವಿರ ಚಿತ್ರಗಳು. ಅಪ್ಪನದು ಸರಿಯಾದದ್ದು ಒಂದೂ ಇರಲಿಲ್ಲ. ಕೊನೆಗೆ ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿದೆವು.

ಜೂಮು ಕಪಾಟಿಗೆ ಹೋಯಿತು. ಅಲ್ಲಿ ಹಳೆಯ 50 ಎಂಎಂ ಲೆನ್ಸ್ ಇಟ್ಟೆ. ಅಡುಗೆಮನೆಯ ಕಿಟಕಿ ಬೆಳಕಿಗೆ ಅಷ್ಟು ಸಾಕು. ಸೀರೆ ಬದಲಾಯಿಸಿ ಬರುತ್ತೇನೆ ಎಂದು ಅಮ್ಮ ಒಳಗೆ ಹೋಗುವ ಮೊದಲೇ ತೆಗೆದುಬಿಡಬೇಕು.